ಗ್ರೇಸ್ ಹಾಪರ್: ಪತಂಗದ ಕತೆಗಿಂತ ದೊಡ್ಡ ಕೆಲಸ

ವಿಜಯಪುರದ ಸೊಲ್ಲಾಪುರ ರಸ್ತೆಯ ಬಾಡಿಗೆ ಕೋಣೆಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದಾಳೆ ಎಂದುಕೊಳ್ಳೋಣ. ಕೋಡಿನ ಒಂದು ಸಾಲು ತಿದ್ದಿದರೂ ಹತ್ತಾರು ಕಡತಗಳನ್ನು ಮತ್ತೆ ಕಂಪೈಲ್ ಮಾಡಬೇಕು, ಜೋಡಿಸಬೇಕು, ಪರೀಕ್ಷಿಸಬೇಕು, ಸರಿಯಾದ ಫೋಲ್ಡರಿಗೆ ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಒಂದು ಹೆಜ್ಜೆ ಮರೆತರೆ ಮುಗಿಯಿತು, ಬೆಳಗಿನ ತನಕ ಇಲ್ಲದ ತಪ್ಪನ್ನು ಹುಡುಕುವುದೇ ಕೆಲಸ. ಈ ಹೆಜ್ಜೆಗಳನ್ನೆಲ್ಲ ಒಂದೇ ಆದೇಶಕ್ಕೆ ಒಪ್ಪಿಸುವುದನ್ನು ಇಂದು ಬಿಲ್ಡ್ ಆಟೊಮೇಷನ್ ಎನ್ನುತ್ತೇವೆ. ಆ ದಾರಿಯ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಗ್ರೇಸ್ ಹಾಪರ್. ಆದರೆ ಅವರ ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಒಂದು ಪತಂಗ.

ಮೊದಲು ಅದನ್ನೇ ಮುಗಿಸೋಣ. ಕಂಪ್ಯೂಟರಿನೊಳಗೆ ಸಿಕ್ಕ ಹುಳುವನ್ನು ಹಾಪರ್ ಹೊರತೆಗೆದರು, ಹಾಗಾಗಿ ತಪ್ಪಿಗೆ 'ಬಗ್' ಎಂಬ ಹೆಸರು ಬಂತು ಎಂಬ ಕತೆ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಪತಂಗ ಸಿಕ್ಕಿದ್ದು ನಿಜ. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಹಿಡಿದವರು ಮಾತ್ರ ಅಲ್ಲಿನ ಆಪರೇಟರ್‌ಗಳು, ಹಾಪರ್ ಅಲ್ಲ. 'ಬಗ್' ಪದವನ್ನು ಥಾಮಸ್ ಎಡಿಸನ್ 1870ರ ದಶಕದಲ್ಲೇ ಬಳಸಿದ್ದರು. ಹಾಪರ್ ಈ ಕತೆಯನ್ನು ಸೊಗಸಾಗಿ ಹೇಳುತ್ತಿದ್ದರು, ಅಷ್ಟೇ.

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳರ ವಯಸ್ಸಿನಲ್ಲಿ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿಟ್ಟಿದ್ದರಂತೆ. 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದು, ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ನೌಕಾಪಡೆ ಸೇರಹೊರಟರೆ, ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ. ವಿನಾಯಿತಿ ಪಡೆದೇ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್‌ಗೆ, ಹೊವಾರ್ಡ್ ಏಕನ್ ಅವರ ಮಾರ್ಕ್ 1 ಯಂತ್ರದ ಬಳಿಗೆ ಕಳಿಸಲಾಯಿತು. 51 ಅಡಿ ಉದ್ದದ ಆ ಯಂತ್ರ ತೂತು ಹೊಡೆದ ಕಾಗದದ ಪಟ್ಟಿಯಿಂದ ಆದೇಶ ಓದುತ್ತಿತ್ತು. ಯುದ್ಧದ ಲೆಕ್ಕಗಳು, ತಪ್ಪುವಂತಿರಲಿಲ್ಲ.

ಸೈನ್ ಬೆಲೆ ಕಂಡುಹಿಡಿಯುವಂಥ ಲೆಕ್ಕದ ತುಣುಕುಗಳನ್ನು ಅಲ್ಲಿನವರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದನ್ನೊಬ್ಬರು ನಕಲು ಮಾಡುತ್ತಿದ್ದರು. ಹಾಗೆ ನಕಲಿಸುವಾಗ B ಅಕ್ಷರ 13 ಆಗುತ್ತಿತ್ತು. ತುಣುಕನ್ನು ಹೊಸ ಜಾಗದಲ್ಲಿಡುವಾಗ ವಿಳಾಸಗಳನ್ನೆಲ್ಲ ಕೂಡಿ ಬದಲಿಸಬೇಕಿತ್ತು, ಅಲ್ಲೂ ಎಡವಟ್ಟು. ಜಾಣ ಗಣಿತಜ್ಞರೂ ನಕಲು ಮತ್ತು ಕೂಡುವುದು ಎರಡರಲ್ಲೂ ಕಚ್ಚಾ ಎಂಬುದು ಹಾಪರ್‌ಗೆ ಅಲ್ಲೇ ಗೊತ್ತಾಯಿತು. ಇವೆರಡನ್ನೂ ಬೇಸರವಿಲ್ಲದೆ ಮಾಡುವ ಯಂತ್ರವೋ ಎದುರಿಗೇ ಇತ್ತು!

1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಮದುವೆ ಮುರಿದಿತ್ತು, ಹಾರ್ವರ್ಡ್ ಬಿಟ್ಟಾಗಿತ್ತು, ಕುಡಿತ ಕೈಮೀರಿ ಆಸ್ಪತ್ರೆ ಸೇರುವವರೆಗೂ ಹೋಗಿತ್ತು. ಸಾಧಕರ ಬದುಕು ಬರೆಯುವಾಗ ಇದನ್ನು ಬಿಟ್ಟುಬಿಡುವ ರೂಢಿಯಿದೆ. ನಮಗೆ ಅದು ಸರಿಯೆನಿಸದು. ಅವರ ಅತಿ ಮುಖ್ಯ ಕೆಲಸ ಶುರುವಾದದ್ದು ಈ ದಿನಗಳ ಬೆನ್ನಿಗೇ.

ಯೂನಿವ್ಯಾಕ್ ಯಂತ್ರಕ್ಕಾಗಿ 1951-52ರಲ್ಲಿ ರೂಪುಗೊಂಡ ಆ ವ್ಯವಸ್ಥೆಯ ಹೆಸರು ಎ-0. ಪರೀಕ್ಷಿಸಿದ ತುಣುಕುಗಳೆಲ್ಲ ಒಂದು ಟೇಪಿನಲ್ಲಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಪ್ರೋಗ್ರಾಮರ್ ಯಾವ ತುಣುಕು, ಯಾವ ಕ್ರಮದಲ್ಲಿ ಎಂದು ಪಟ್ಟಿ ಕೊಟ್ಟರೆ ಸಾಕು. ಯಂತ್ರವೇ ಅವನ್ನು ಹುಡುಕಿ, ವಿಳಾಸ ತಿದ್ದಿ, ಪೋಣಿಸಿ, ಸಿದ್ಧ ಪ್ರೋಗ್ರಾಂ ಕೊಡುತ್ತಿತ್ತು. ಒಂದು ತೊಡಕಿತ್ತು: ಮುಂದೆ ಬರಲಿರುವ, ಇನ್ನೂ ಜಾಗವೇ ಗೊತ್ತಿಲ್ಲದ ತುಣುಕಿಗೆ ಜಿಗಿಯಬೇಕಾದರೆ? ಕಾಲೇಜಿನಲ್ಲಿ ಆಡಿದ್ದ ಬಾಸ್ಕೆಟ್‌ಬಾಲ್ ನೆರವಿಗೆ ಬಂತು. ಚೆಂಡನ್ನು ಜೊತೆಗಾತಿಗೆ ಕೊಟ್ಟು, ಮುಂದೆ ಓಡಿ, ಮತ್ತೆ ಪಡೆಯುವುದಿಲ್ಲವೇ? ಹಾಗೆಯೇ ಸ್ಮರಣೆಯ ಒಂದು ಮೂಲೆಯನ್ನು ಖಾಲಿಯಿಟ್ಟು, ಜಿಗಿತವನ್ನು ಮೊದಲು ಅಲ್ಲಿಗೆ ಕಳಿಸಿದರು. ತುಣುಕಿನ ಜಾಗ ಗೊತ್ತಾದೊಡನೆ ಆ ಮೂಲೆಯಲ್ಲಿ ಮುಂದಿನ ವಿಳಾಸ ಬರೆದರಾಯಿತು.

ಇದನ್ನು ಜಗತ್ತಿನ ಮೊದಲ ಕಂಪೈಲರ್ ಎಂದು ಎಲ್ಲೆಡೆ ಬರೆಯುತ್ತಾರೆ. ಇಂದಿನ ಅಳತೆಯಲ್ಲಿ ಅದು ಕಂಪೈಲರ್‌ಗಿಂತ ಲಿಂಕರ್‌ಗೆ ಹತ್ತಿರ, ಎಂದರೆ ಜೋಡಿಸುವ ಕೆಲಸಗಾರ. ನಮ್ಮ ವಿದ್ಯಾರ್ಥಿನಿಯ ಬಿಲ್ಡ್‌ಗೆ ಅದು ಇನ್ನೂ ಹತ್ತಿರದ ನೆಂಟ. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಂ ಬರೆಯಲಾರದು ಎಂದು ನಂಬಿದ್ದ ಹಲವರು ಮೊದಮೊದಲು ಅದನ್ನು ಮುಟ್ಟಲೂ ಇಲ್ಲ. ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದೆಂದು ತೋರಿಸುವಾಗ ಹಾಪರ್ ಫ್ರೆಂಚ್, ಜರ್ಮನ್ ಆದೇಶಗಳನ್ನೂ ಸೇರಿಸಿದರಂತೆ. ಅಮೆರಿಕದ ಯಂತ್ರಕ್ಕೆ ಪರಭಾಷೆ ತಿಳಿಯುವುದೇ ಎಂದು ಮೇಲಿನವರು ಗಾಬರಿಯಾದರು! ಯಂತ್ರಕ್ಕೆ ಅವೆಲ್ಲ ಬರೀ ಗುರುತುಗಳು, ಕನ್ನಡವಾದರೂ ಅಷ್ಟೇ. ಈ ಕೆಲಸವೇ ಫ್ಲೋ-ಮ್ಯಾಟಿಕ್ ಆಯಿತು. 1959ರಲ್ಲಿ ಶುರುವಾದ ಕೋಬಾಲ್ ಅದರಿಂದ ಬಹಳಷ್ಟು ಪಡೆಯಿತು. ಕೋಬಾಲ್ ರಚಿಸಿದ್ದು ಒಂದು ಸಮಿತಿ, ಹಾಪರ್ ಒಬ್ಬರೇ ಅಲ್ಲ.

ಬದಲಾದ ಕಡತವನ್ನು ಮಾತ್ರ ಮತ್ತೆ ಕಂಪೈಲ್ ಮಾಡುವ ಮೇಕ್ ಎಂಬ ಸಾಧನ ಬಂದದ್ದು 1976ರಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ತಪ್ಪು ತಿದ್ದಿಯೂ ಕಡತವನ್ನು ಮರಳಿ ಕಂಪೈಲ್ ಮಾಡದೆ ಸಹೋದ್ಯೋಗಿಯೊಬ್ಬರು ಒಂದು ಬೆಳಗ್ಗೆ ಕಳೆದುಕೊಂಡದ್ದೇ ಅದಕ್ಕೆ ಪ್ರೇರಣೆ. ಚಟ್ನಿ ಹಾಳಾದರೆ ಚಟ್ನಿ ಮಾತ್ರ ಅರೆಯಬೇಕು, ಬೇಯಿಸಿಟ್ಟ ಜೋಳದ ರೊಟ್ಟಿಯನ್ನು ಮತ್ತೆ ಬಡಿಯಬೇಕಿಲ್ಲ ಎಂಬುದೇ ಅದರ ಲೆಕ್ಕ.

ಆ ಹೊತ್ತಿಗೆ ಹಾಪರ್ ಮರಳಿ ನೌಕಾಪಡೆಯಲ್ಲಿದ್ದರು. 1966ರಲ್ಲಿ ನಿವೃತ್ತಿ ಮಾಡಿಸಿ, 1967ರಲ್ಲಿ ಮತ್ತೆ ಕರೆದಿದ್ದರು. ಭಾಷಣಗಳಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಅದು. ಅದೇ ವೇಗದಲ್ಲಿ ವಿಜಯಪುರದಿಂದ ಸುಮಾರು 100 ಕಿ.ಮೀ. ದೂರದ ಸೊಲ್ಲಾಪುರ ಮುಟ್ಟಲು ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಮನುಷ್ಯರಿಗೆ ಅದು ಕಣ್ಣು ಮಿಟುಕಿಸಲೂ ಸಾಲದ ಹೊತ್ತು, ಯಂತ್ರಕ್ಕೆ ದೀರ್ಘ ಕಾಯುವಿಕೆ.

1986ರಲ್ಲಿ, 79ರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಕಚೇರಿಯ ಗೋಡೆಗೆ ಹಿಂದುಮುಂದಾಗಿ ತಿರುಗುವ ಗಡಿಯಾರ ತೂಗುಹಾಕಿಕೊಂಡಿದ್ದ ಅವರು ತೀರಿಕೊಂಡದ್ದು 1992ರ ಜನವರಿ 1ರಂದು.