ಬಿಲ್ಲುಬಂಡಿಯ ಅಯ್ಯಂಕಾಳಿ

ಮೋಟಾರಿನ ಹಿಂದೆ ಮನೆಯಂತಹ ಒಂದು ಗಾಡಿಯನ್ನು ಕೊಂಡಿಹಾಕಿ ಎಳೆದುಕೊಂಡು ಸಾವಿರಾರು ಮೈಲಿ ಸುತ್ತಿಬರುವ ಜನರು ಇಂದು ಹಲವು ದೇಶಗಳಲ್ಲಿದ್ದಾರೆ. ಮಲಗುವ ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಆ ಗಾಡಿಯೊಳಗೇ ಇರುತ್ತವೆ. ಇದನ್ನು ಕೇಳಿ ನಾವು ಬಹಳ ಬೆರಗಾಗಬೇಕಾಗಿಲ್ಲ. ನಮ್ಮ ಕನ್ನಡ ನಾಡಿನಲ್ಲಿ ಹಿಂದಿನವರು ಜಾತ್ರೆಗೋ ಯಾತ್ರೆಗೋ ಹೊರಟರೆ ಕಮಾನು ಗಾಡಿಯಲ್ಲಿ ಹುಲ್ಲು ಹರವಿ, ಅದರ ಮೇಲೆ ಜಮಖಾನ ಹಾಸಿ, ಅಕ್ಕಿ ಬೇಳೆಯ ಗಂಟುಗಳನ್ನೂ ಪಾತ್ರೆಗಳನ್ನೂ ಮೂಲೆಗೆ ಸೇರಿಸಿ, ಅಚ್ಚಿನ ಕೆಳಗೆ ಲಾಂದ್ರವನ್ನು ತೂಗುಹಾಕಿ, ಮಕ್ಕಳು ಮುದುಕರೆಲ್ಲ ಅದರೊಳಗೆ ಕುಳಿತು ದಿನಗಟ್ಟಲೆ ಸಾಗುತ್ತಿದ್ದರು. ರಾತ್ರಿ ಛತ್ರದಲ್ಲಿಯೋ ಮರದಡಿಯಲ್ಲಿಯೋ ಎತ್ತುಗಳನ್ನು ಬಿಚ್ಚಿದರೆ ಅದೇ ಅವರ ಮನೆ. ಎರಡು ಎತ್ತುಗಳು ಒಂದು ಪುಟ್ಟ ಮನೆಯನ್ನೇ ಎಳೆದುಕೊಂಡು ಹೋಗುತ್ತಿದ್ದುವು ಎನ್ನಬಹುದು.

ಇಂತಹ ಪಯಣಕ್ಕೆ ಬೇಕಾದುದು ಏನೇನು? ಒಂದು ಗಾಡಿ, ಒಂದು ಜೊತೆ ಎತ್ತು, ದಾರಿಬುತ್ತಿ, ಮತ್ತು ಮುಂದೆ ಬಿದ್ದಿರುವ ರಸ್ತೆ. ರಸ್ತೆಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಎಲ್ಲರಿಗೂ ಇದ್ದೇ ಇದೆ ಎಂದು ತಿಳಿದಿರುತ್ತೇವೆ. ಆದರೆ ಹಣ ಕೊಟ್ಟು ಗಾಡಿಯನ್ನು ಕೊಳ್ಳಬಲ್ಲವನಾಗಿದ್ದೂ, ಎತ್ತುಗಳನ್ನು ಹೂಡಬಲ್ಲವನಾಗಿದ್ದೂ, ರಸ್ತೆಯ ಮೇಲೆ ಅದನ್ನು ಓಡಿಸುವ ಹಾಗಿಲ್ಲ ಎಂದು ತಡೆಯಲ್ಪಟ್ಟವರು ನಾವೀಗ ವಾಸಿಸುತ್ತಿರುವ ಈ ನಾಡಿನಲ್ಲಿಯೇ ಇದ್ದರು. ಅವರಲ್ಲೊಬ್ಬರು ಆ ತಡೆಯನ್ನು ಮೀರಿ ಬಂಡಿ ಹೂಡಿದರು. ಅವರ ಹೆಸರು ಅಯ್ಯಂಕಾಳಿ.

ಅಯ್ಯಂಕಾಳಿಯವರು 1863ನೆಯ ಆಗಸ್ಟ್ 28ರಂದು ತಿರುವನಂತಪುರದ ದಕ್ಷಿಣಕ್ಕಿರುವ ವೆಂಙಾನೂರಿನಲ್ಲಿ ಜನಿಸಿದರು. ಇಂದು ಭಾರಿ ಹಡಗುಗಳು ಬಂದು ನಿಲ್ಲುವ ವಿಳಿಂಜಂ ಬಂದರು ಆ ಊರಿಗೆ ಸಮೀಪವೇ ಇದೆ. ತಂದೆಯ ಹೆಸರು ಅಯ್ಯನ್, ತಾಯಿಯ ಹೆಸರು ಮಾಲ. ತಂದೆಯ ಹೆಸರಿನ ಮುಂದೆ ಕಾಳಿ ಎಂಬುದು ಸೇರಿ ಅಯ್ಯಂಕಾಳಿ ಎಂದಾಯಿತು. ಎಂಟು ಮಕ್ಕಳಲ್ಲಿ ಇವರೇ ಹಿರಿಯರು. ಪುಲಯ ಸಮುದಾಯದ ಕುಟುಂಬ. ಆ ಸಮುದಾಯದವರು ಗದ್ದೆಯಲ್ಲಿ ಉತ್ತು, ನೆಟ್ಟು, ಕೊಯ್ದು ಕೊಡುತ್ತಿದ್ದರು. ಆ ಬತ್ತವನ್ನು ಕಣಜಕ್ಕೆ ತುಂಬಿಕೊಳ್ಳುವವರು ಬೇರೆಯವರು. ಆದರೆ ಅಯ್ಯನ್ ಅವರಿಗೆ ಒಡೆಯರಿಂದ ಸ್ವಲ್ಪ ಭೂಮಿ ದೊರಕಿದ್ದುದರಿಂದ ಮನೆಯಲ್ಲಿ ಹಸಿವು ಅಷ್ಟಾಗಿ ಇರಲಿಲ್ಲ.

ಹಸಿವೊಂದು ಇಲ್ಲದಿದ್ದರೆ ಆಯಿತೆ? ಪುಲಯರು ಮೊಳಕಾಲಿನಿಂದ ಕೆಳಗಿಳಿಯುವಂತೆ ಬಟ್ಟೆಯುಡಬಾರದು, ಮೇಲುಹೊದಿಕೆ ಹಾಕಬಾರದು, ಮೇಲಿನ ಜಾತಿಯವರಿಂದ ಇಂತಿಷ್ಟು ಹೆಜ್ಜೆ ದೂರದಲ್ಲಿ ನಿಲ್ಲಬೇಕು, ಎದುರಿಗೆ ಯಾರಾದರೂ ಬಂದರೆ ದಾರಿಯಿಂದಿಳಿದು ಗದ್ದೆಗೋ ಪೊದೆಗೋ ಸರಿಯಬೇಕು. ಹೆಂಗಸರು ಕೊರಳಿಗೆ ಕಲ್ಲುಮಣಿಯ ಸರಗಳನ್ನಲ್ಲದೆ ಬೇರೆ ಒಡವೆಯನ್ನು ಹಾಕುವಂತಿರಲಿಲ್ಲ. ಸಂತೆಗೆ ಪ್ರವೇಶವಿಲ್ಲ, ಶಾಲೆಯ ಮಾತಂತೂ ಇಲ್ಲವೇ ಇಲ್ಲ. ಅಯ್ಯಂಕಾಳಿಯವರಿಗೆ ಓದು ಬರಹ ಬರುತ್ತಿರಲಿಲ್ಲ. ಕಲಿಯುವ ಮನಸ್ಸಿಲ್ಲದೆ ಹಾಗಾದುದಲ್ಲ, ಕಲಿಸುವವರೇ ಇರಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ತಿರುವಾಂಕೂರು ಸಂಸ್ಥಾನದ ಸರಕಾರವು 1865ರಲ್ಲಿಯೇ ಸಾರ್ವಜನಿಕ ರಸ್ತೆಗಳು ಎಲ್ಲ ವರ್ಗದ ಪ್ರಜೆಗಳಿಗೂ ತೆರೆದಿವೆ ಎಂದು ಪ್ರಕಟಣೆ ಹೊರಡಿಸಿತ್ತು. ಆಗ ಅಯ್ಯಂಕಾಳಿ ಎರಡು ವರ್ಷದ ಕೂಸು. 1884ರಲ್ಲಿ ಸರಕಾರವು ಅದನ್ನೇ ಮತ್ತೊಮ್ಮೆ ಸಾರಿತು. ಹೀಗೆ ಕಾಗದದ ಮೇಲೆ ರಸ್ತೆ ತೆರೆದಿತ್ತು. ನೆಲದ ಮೇಲೆ ಮುಚ್ಚಿತ್ತು. ಆಜ್ಞೆಯನ್ನು ಓದಿ ಹೇಳಬೇಕಾದ ಅಧಿಕಾರಿಗಳೂ ಅದನ್ನು ಮುರಿಯುವ ಜಮೀನುದಾರರೂ ಹಲವು ವೇಳೆ ಒಂದೇ ಮನೆಯ ಅಣ್ಣತಮ್ಮಂದಿರಂತೆ ನಡೆದುಕೊಳ್ಳುತ್ತಿದ್ದರು. ಯಾರಿಗಾಗಿ ಆಜ್ಞೆ ಹೊರಟಿತೋ ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಬಾಲ್ಯದಲ್ಲಿ ಅಯ್ಯಂಕಾಳಿಯವರು ಆಡುತ್ತಿದ್ದ ಚೆಂಡು ಮೇಲುಜಾತಿಯವರ ಮನೆಯಂಗಳಕ್ಕೆ ಬಿದ್ದು, ಅದಕ್ಕಾಗಿ ಬೈಗುಳವನ್ನು ಕೇಳಬೇಕಾಯಿತೆಂದೂ, ಅಂದಿನಿಂದ ಅವರ ಮನಸ್ಸು ಕುದಿಯತೊಡಗಿತೆಂದೂ ಆ ಕಡೆಯ ಜನರು ಹೇಳುತ್ತಾರೆ. ಯೌವನದಲ್ಲಿ ಅವರು ಕುಸ್ತಿ, ಕೋಲುವರಸೆಗಳನ್ನು ಕಲಿತರು. ಸಂಗಡಿಗರಿಗೂ ಕಲಿಸಿದರು. ಅವರ ಸುತ್ತ ನೆರೆದ ಗಟ್ಟಿಮುಟ್ಟಾದ ತರುಣರ ಗುಂಪಿಗೆ ಅಯ್ಯಂಕಾಳಿ ಪಡೆ ಎಂದೇ ಹೆಸರಾಯಿತು. 1888ರಲ್ಲಿ ಚೆಲ್ಲಮ್ಮ ಎಂಬುವರೊಡನೆ ಅವರ ವಿವಾಹವಾಯಿತು.

1892ರ ಡಿಸೆಂಬರಿನಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿನಿಂದ ಹೊರಟು, ಷೊರನೂರು ತೃಶ್ಶೂರುಗಳನ್ನು ದಾಟಿ, ನಮ್ಮ ಎರ್ನಾಕುಳಂ ಮಾರ್ಗವಾಗಿ ತಿರುವನಂತಪುರಕ್ಕೆ ಬಂದರು. ಷೊರನೂರಿನಿಂದಾಚೆಗೆ ಆಗ ರೈಲಿರಲಿಲ್ಲ. ಎತ್ತಿನ ಗಾಡಿ ಮತ್ತು ದೋಣಿಗಳೇ ಗತಿ. ಜೊತೆಗೆ ಬಂದಿದ್ದವನು ಕೊಚ್ಚಿ ಸರಕಾರದ ಒಬ್ಬ ಮುಸಲ್ಮಾನ ಜವಾನ. ಪ್ರಾಧ್ಯಾಪಕ ಸುಂದರರಾಮ ಅಯ್ಯರ್ ಅವರ ಮನೆಗೆ ತಲುಪಿದಾಗ, ಎರಡು ದಿನಗಳಿಂದ ಸರಿಯಾಗಿ ಊಟವಿಲ್ಲದಿದ್ದರೂ ಸ್ವಾಮಿಗಳು ಮೊದಲು ತಮ್ಮ ಜೊತೆಗಾರನಿಗೆ ಊಟವಾಗಲೆಂದು ಹೇಳಿ, ಅವನದಾದ ಮೇಲೆಯೇ ತಾವು ಉಂಡರು. ಸಂನ್ಯಾಸಿಯೊಬ್ಬರು ಮೈಸೂರಿನಿಂದ ಕನ್ಯಾಕುಮಾರಿಯವರೆಗೆ ಸಾಗಿಹೋಗಬಹುದಾಗಿದ್ದ ಅದೇ ಕಾಲದಲ್ಲಿ ವೆಂಙಾನೂರಿನ ರೈತನೊಬ್ಬನಿಗೆ ತನ್ನ ಮನೆಯ ಮುಂದಿನ ರಸ್ತೆಯಲ್ಲಿ ಒಂದು ಹರಿದಾರಿ ಹೋಗುವುದು ಕಷ್ಟವಾಗಿತ್ತು.

ಆ ಮರುವರ್ಷ, 1893ರಲ್ಲಿ, ಅಯ್ಯಂಕಾಳಿಯವರು ಒಂದು ವಿಲ್ಲುವಂಡಿಯನ್ನು ಕೊಂಡರು.

ಮಲೆಯಾಳದ ಈ ಮಾತನ್ನು ನೀವು ಸ್ವಲ್ಪ ಗಮನಿಸಬೇಕು. ವಿಲ್ಲು ಎಂದರೆ ನಮ್ಮ ಬಿಲ್ಲು, ವಂಡಿ ಎಂದರೆ ನಮ್ಮ ಬಂಡಿ. ಅವರ ವಕಾರಕ್ಕೆ ನಮ್ಮ ಬಕಾರ, ಅಷ್ಟೇ ವ್ಯತ್ಯಾಸ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ಪೆಟ್ಟಿಗೆಯನ್ನು ಕೂರಿಸಿದ ಗಾಡಿಯಾದುದರಿಂದ ಅದಕ್ಕೆ ಆ ಹೆಸರು. ಸರಕು ಸಾಗಿಸುವ ಗಾಡಿಯಲ್ಲಿ ಚಕ್ರವು ಕಲ್ಲಿನ ಮೇಲೆ ಹತ್ತಿಳಿದರೆ ಬೆನ್ನುಮೂಳೆ ನಡುಗುತ್ತದೆ. ಬಿಲ್ಲುಬಂಡಿಯಲ್ಲಾದರೋ ಆ ಪಟ್ಟಿಗಳು ಕುಲುಕಾಟವನ್ನು ತಾವೇ ನುಂಗಿಕೊಳ್ಳುತ್ತವೆ. ಆದುದರಿಂದ ಅದು ಹೊರೆ ಹೊರುವ ಗಾಡಿಯಲ್ಲ, ಸವಾರಿಯ ಗಾಡಿ; ಸ್ಥಿತಿವಂತರು ಮಾತ್ರ ಏರುತ್ತಿದ್ದ ಗಾಡಿ. ಅಯ್ಯಂಕಾಳಿಯವರು ಒಂದು ಸಾಧಾರಣ ಗಾಡಿಯನ್ನು ಕೊಳ್ಳಬಹುದಾಗಿತ್ತು. ಬೇಕೆಂದೇ ಅವರು ಇದನ್ನು ಆರಿಸಿಕೊಂಡರು ಎಂದು ನನಗೆ ತೋರುತ್ತದೆ. ಗದ್ದೆಗೆ ಗೊಬ್ಬರ ಹೊಡೆಯುವ ಗಾಡಿಯಲ್ಲಿ ಹೋದರೆ ಯಜಮಾನನ ಕೆಲಸಕ್ಕೆ ಹೊರಟ ಆಳೆಂದು ನೋಡುವವರು ತಿಳಿದುಕೊಳ್ಳಬಹುದು. ಬಿಲ್ಲುಬಂಡಿಯಲ್ಲಿ ಕುಳಿತವನನ್ನು ಹಾಗೆ ತಿಳಿಯುವಂತಿಲ್ಲ.

ಎರಡು ಬಿಳಿಯ ಎತ್ತುಗಳನ್ನು ನೊಗಕ್ಕೆ ಕಟ್ಟಲಾಯಿತು. ಕೊರಳಿಗೆ ಗಂಟೆಗಳು. ಅಯ್ಯಂಕಾಳಿಯವರು ಬಿಳಿಯ ಮುಂಡನ್ನು ಕಾಲಿನವರೆಗೆ ಉಟ್ಟು, ಅಂಗಿ ತೊಟ್ಟು, ತಲೆಗೆ ಮುಂಡಾಸು ಸುತ್ತಿ ಬಂಡಿಯನ್ನು ಏರಿದರು. ಇವುಗಳಲ್ಲಿ ಒಂದೊಂದೂ ನಿಷೇಧಿಸಲ್ಪಟ್ಟುದೇ. ಕೊಂಡದ್ದು ಒಂದು ತಪ್ಪು, ಉಟ್ಟದ್ದು ಒಂದು ತಪ್ಪು, ಏರಿದ್ದು ಒಂದು ತಪ್ಪು, ರಸ್ತೆಗೆ ಬಂದದ್ದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು. ಅದಕ್ಕೂ ಮಿಗಿಲಾಗಿ ಗಂಟೆಗಳ ಸದ್ದು. ಯಾರು ತಮ್ಮ ಬರವನ್ನು ಕೂಗಿ ತಿಳಿಸಿ ಮರೆಯಾಗಬೇಕೆಂಬ ಕಟ್ಟಳೆಯಿತ್ತೋ ಅವರ ಎತ್ತುಗಳು ಈಗ ಗಂಟೆ ಬಾರಿಸುತ್ತಾ ನಡುರಸ್ತೆಯಲ್ಲಿ ಬರುತ್ತಿದ್ದುವು.

ಕಂಡವರು ಸುಮ್ಮನಿರಲಿಲ್ಲ. ಗುಂಪು ಸೇರಿ ಬಂಡಿಯನ್ನು ಅಡ್ಡಗಟ್ಟಿದರು. ಆಗ ಅಯ್ಯಂಕಾಳಿಯವರು ಬಂಡಿಯಲ್ಲಿ ಎದ್ದುನಿಂತು ಸೊಂಟದ ಕಠಾರಿಯನ್ನು ಹಿರಿದರೆಂದೂ, ಅಡ್ಡಗಟ್ಟಿದವರು ಹಿಂಜರಿದರೆಂದೂ ಇಂದಿಗೂ ತಿರುವನಂತಪುರದ ಕಡೆ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಬಂಡಿ ಮುಂದೆ ಸಾಗಿತು. ಮತ್ತೆ ಮತ್ತೆ ಸಾಗಿತು. ಒಂದು ದಿನ ಸಾಹಸಕ್ಕಾಗಿ ಹೋಗಿಬಂದು ಬಂಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟಿದ್ದರೆ ಆ ಪಯಣವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ.

ದೂರದ ಲೆಕ್ಕದಲ್ಲಿ ಅದು ಉದ್ದವಾದ ಪ್ರಯಾಣವಲ್ಲ. ವೆಂಙಾನೂರಿನಿಂದ ತಿರುವನಂತಪುರ ನಗರಕ್ಕೆ ಎಂಟು ಹತ್ತು ಮೈಲಿಗಳಷ್ಟೇ. ಆದರೆ ಆ ಚಕ್ರದ ಗಾಲಿಯ ಹಿಂದೆ ಬಹುಮಂದಿ ನಡೆದರು. ಅಯ್ಯಂಕಾಳಿಯವರು ನೆಡುಮಂಗಾಡಿನ ಸಂತೆಯನ್ನು ಪ್ರವೇಶಿಸಿದರು. ಕಳಕ್ಕೂಟ್ಟಂ ಮೊದಲಾದ ಕಡೆಗಳಲ್ಲಿ ಇತರರೂ ಧೈರ್ಯಗೊಂಡರು. ಬಾಲರಾಮಪುರ, ಮಣಕ್ಕಾಡುಗಳಲ್ಲಿ ದೊಡ್ಡ ಹೊಡೆದಾಟಗಳಾಗಿ ಎರಡು ಕಡೆಯೂ ರಕ್ತ ಹರಿಯಿತು. 1900ರ ಹೊತ್ತಿಗೆ ತಿರುವಾಂಕೂರಿನ ಬಹುತೇಕ ರಸ್ತೆಗಳಲ್ಲಿ ಪುಲಯರು ನಡೆದಾಡುವಂತಾಯಿತು. ದೇವಾಲಯಗಳಿಗೆ ಹೋಗುವ ದಾರಿಗಳು ಮಾತ್ರ ಹಾಗೆಯೇ ಮುಚ್ಚಿದ್ದುವು. ಅವುಗಳಲ್ಲೊಂದಕ್ಕಾಗಿ, ತ್ರಿಪ್ಪುಣಿತ್ತುರದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನಲ್ಲಿ ತಲುಪಬಹುದಾದ ವೈಕಂನಲ್ಲಿ, 1924ರ ಮಾರ್ಚ್‌ನಿಂದ 1925ರ ನವೆಂಬರಿನವರೆಗೆ ಸತ್ಯಾಗ್ರಹ ನಡೆಯಬೇಕಾಯಿತು.

ರಸ್ತೆ ದೊರೆತ ಮೇಲೆ ಎಲ್ಲಿಗೆ ಹೋಗಬೇಕು? ಅಯ್ಯಂಕಾಳಿಯವರ ಉತ್ತರ ಸ್ಪಷ್ಟವಾಗಿತ್ತು: ಶಾಲೆಗೆ. 1904ರಲ್ಲಿ ಅವರು ವೆಂಙಾನೂರಿನಲ್ಲಿ ತಮ್ಮ ಮಕ್ಕಳಿಗಾಗಿ ಒಂದು ಗುಡಿಸಲು ಶಾಲೆಯನ್ನು ಕಟ್ಟಿದರು. ವಿರೋಧಿಗಳು ಅದಕ್ಕೆ ಬೆಂಕಿಯಿಟ್ಟರು. ಮತ್ತೆ ಕಟ್ಟಿದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಸ್ಥಾಪಿಸಿದರು. ಸರಕಾರಿ ಶಾಲೆಗಳಿಗೆ ಎಲ್ಲ ಮಕ್ಕಳನ್ನೂ ಸೇರಿಸಬೇಕೆಂದು ಸರಕಾರವು ಒಪ್ಪಿತು, ಆಜ್ಞೆಯೂ ಹೊರಟಿತು. ಆಗ ದಿವಾನರಾಗಿದ್ದ ಪಿ. ರಾಜಗೋಪಾಲಾಚಾರಿಯವರು ಈ ವಿಷಯದಲ್ಲಿ ಸಹಾನುಭೂತಿಯುಳ್ಳವರಾಗಿದ್ದರು. ಆದರೆ ರಸ್ತೆಯ ಕಥೆಯೇ ಇಲ್ಲಿಯೂ ಮರುಕಳಿಸಿತು. ಆಜ್ಞೆ ಕಚೇರಿಯಲ್ಲಿ, ಬೀಗ ಶಾಲೆಯ ಬಾಗಿಲಲ್ಲಿ.

ಆಗ ಅಯ್ಯಂಕಾಳಿಯವರು ಹೂಡಿದ ಉಪಾಯವನ್ನು ನೋಡಿ. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗಳಿಗೆ ನಾವು ಇಳಿಯುವುದಿಲ್ಲ ಎಂದು ಅವರ ಜನರು ಕುಳಿತುಬಿಟ್ಟರು. ಕೂಲಿಗಾಗಿ ಮುಷ್ಕರ ಹೂಡುವುದನ್ನು ನಾವು ಕೇಳಿದ್ದೇವೆ. ಅಕ್ಷರಕ್ಕಾಗಿ, ಅದೂ ಒಂದಕ್ಷರವನ್ನೂ ಅರಿಯದ ಜನರು, ದುಡಿಮೆಯನ್ನು ನಿಲ್ಲಿಸಿದುದು ಬಹಳ ವಿರಳ. ಜಮೀನುದಾರರು ತಾವೇ ಕೆಸರಿಗೆ ಇಳಿದು ನೋಡಿದರು, ಕೈಲಾಗಲಿಲ್ಲ. ಗದ್ದೆಗಳಲ್ಲಿ ಕಳೆ ಬೆಳೆಯಿತು. ಇತ್ತ ಗುಡಿಸಲುಗಳಲ್ಲಿ ಒಲೆ ಆರಿತು. ಆ ಸಂಕಟದಲ್ಲಿ ನೆರವಾದವರು ಕಡಲತೀರದ ಬೆಸ್ತರು. ಒಂದೊಂದು ದೋಣಿಗೆ ಒಬ್ಬೊಬ್ಬ ಪುಲಯನನ್ನು ಸೇರಿಸಿಕೊಂಡು ಪಾಲು ಕೊಟ್ಟರು. ಹೆಚ್ಚುಕಡಿಮೆ ಒಂದು ವರ್ಷ ಕಳೆದ ಮೇಲೆ ಸರಕಾರವು ಮಧ್ಯಸ್ಥನನ್ನು ನೇಮಿಸಿ ರಾಜಿ ಮಾಡಿಸಿತು.

ಊರುಟ್ಟಂಬಲಂ ಎಂಬ ಊರಿನ ಶಾಲೆಗೆ ಅಯ್ಯಂಕಾಳಿಯವರು ಪಂಚಮಿ ಎಂಬ ಪುಟ್ಟ ಹುಡುಗಿಯನ್ನು ಸ್ವತಃ ಕರೆದುಕೊಂಡು ಹೋದರು. ಅವಳು ಬೆಂಚಿನ ಮೇಲೆ ಕುಳಿತಳು. ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ಯಲಾಯಿತು. ಗಲಭೆಯೆದ್ದಿತು, ಶಾಲೆಗೆ ಬೆಂಕಿ ಬಿದ್ದಿತು. ಒಂದು ಮಗು ಬೆಂಚಿನ ಮೇಲೆ ಕುಳಿತುದಕ್ಕಾಗಿ ಇಡೀ ಶಾಲೆಯನ್ನೇ ಸುಡುವ ಮನಸ್ಸು ಎಂತಹುದಿರಬೇಕೆಂದು ಊಹಿಸುವುದು ನಿಮಗೆ ಕಷ್ಟವಾಗಬಹುದು.

1912ರಲ್ಲಿ ಅಯ್ಯಂಕಾಳಿಯವರು ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾಗಿ ತಿರುವನಂತಪುರದ ವಿಕ್ಟೋರಿಯಾ ಜೂಬಿಲಿ ಪುರಭವನದಲ್ಲಿ ಮಾತನಾಡಿ, ತಮ್ಮ ಜನರಿಗೆ ಭೂಮಿ ಬೇಕೆಂದು ಕೇಳಿದರು. ಅಲ್ಲಿಗೂ ದಾರಿ ಅದೇ, ಬಿಲ್ಲುಬಂಡಿ ಹೋದ ದಾರಿ. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಆ ಸಭೆಯಲ್ಲಿ ಭೂಮಿ, ಶಾಲೆ, ಶುಲ್ಕ ವಿನಾಯಿತಿ, ಕೆಲಸ ಎಂದು ಬಿಡದೆ ಕೇಳುತ್ತ ಬಂದರು. 1915ರಲ್ಲಿ ಕೊಲ್ಲಂ ಸಮೀಪದ ಪೆರಿನಾಡಿನಲ್ಲಿ ಗಲಭೆಯಾದ ಮೇಲೆ, ಕೊಲ್ಲಂನಲ್ಲಿ ಸೇರಿದ ಸಭೆಯಲ್ಲಿ ಪುಲಯ ಹೆಂಗಸರು ಕೊರಳ ಕಲ್ಲುಸರಗಳನ್ನು ಕಿತ್ತು ರಾಶಿ ಹಾಕಿದರು. ಅಂದಿನ ಅಧ್ಯಕ್ಷತೆ ವಹಿಸಿದ್ದವರು ನಾಯರ್ ಮುಖಂಡರಾದ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆಯವರು ಎಂಬುದನ್ನೂ ಹೇಳಬೇಕು. ಆ ಕಡೆಯಲ್ಲಿಯೂ ನ್ಯಾಯವನ್ನು ಬಲ್ಲವರಿದ್ದರು.

1936ನೆಯ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ಮುಚ್ಚಿ ಉಳಿದಿದ್ದ ದಾರಿಗಳೂ ತೆರೆದುವು. (ನಮ್ಮ ತ್ರಿಪ್ಪುಣಿತ್ತುರವನ್ನು ಒಳಗೊಂಡ ಕೊಚ್ಚಿ ಸಂಸ್ಥಾನದಲ್ಲಿ ಇದು ನಡೆಯಲು ಮತ್ತೂ ಹತ್ತು ವರ್ಷಗಳ ಮೇಲೆ ಹಿಡಿಯಿತು.) 1937ರ ಜನವರಿಯಲ್ಲಿ ಗಾಂಧೀಜಿಯವರು ವೆಂಙಾನೂರಿಗೆ ಬಂದು ಅಯ್ಯಂಕಾಳಿಯವರನ್ನು ಕಂಡರು. ಆಗ ಅಯ್ಯಂಕಾಳಿಯವರಿಗೆ ಎಪ್ಪತ್ತಮೂರು ವರ್ಷ. ತಾನು ಕಣ್ಣುಮುಚ್ಚುವ ಮೊದಲು ತನ್ನ ಸಮುದಾಯದಲ್ಲಿ ಹತ್ತು ಮಂದಿ ಬಿ.ಎ. ಪದವೀಧರರನ್ನು ನೋಡಬೇಕು ಎಂಬುದೊಂದೇ ತನ್ನ ಆಸೆ ಎಂದು ಅವರು ತಿಳಿಸಿದರು. ಹಣವನ್ನಾಗಲಿ ಪದವಿಯನ್ನಾಗಲಿ ಕೇಳಲಿಲ್ಲ. ಹತ್ತು ಎಂಬ ಆ ಸಣ್ಣ ಸಂಖ್ಯೆಯೇ ಓದುವವರ ಮನಸ್ಸನ್ನು ಕಲಕುತ್ತದೆ.

1941ನೆಯ ಜೂನ್ 18ರಂದು ಅಯ್ಯಂಕಾಳಿಯವರು ತೀರಿಕೊಂಡರು.

ತಿರುವನಂತಪುರದ ವೆಳ್ಳಯಂಬಲಂನಲ್ಲಿ, ನಾಲ್ಕಾರು ರಸ್ತೆಗಳು ಕೂಡುವ ಕಡೆ, ಅವರ ಪ್ರತಿಮೆಯಿದೆ. 1980ರಲ್ಲಿ ಇಂದಿರಾ ಗಾಂಧಿಯವರು ಅದನ್ನು ಅನಾವರಣಗೊಳಿಸಿದರು. ಅವರು ಭೂಮಿಗಾಗಿ ಮಾತನಾಡಿದ ಪುರಭವನಕ್ಕೆ 2019ರಲ್ಲಿ ಅಯ್ಯಂಕಾಳಿ ಹಾಲ್ ಎಂದು ಹೆಸರಿಡಲಾಯಿತು. ಊರುಟ್ಟಂಬಲಂನ ಸರಕಾರಿ ಶಾಲೆಗೆ 2022ರಲ್ಲಿ ಅಯ್ಯಂಕಾಳಿಯವರ ಮತ್ತು ಪಂಚಮಿಯ ಹೆಸರುಗಳನ್ನು ಸೇರಿಸಿ ಇಟ್ಟರು. ಅಂದಿನ ಬೆಂಕಿಯಲ್ಲಿ ಅರೆಸುಟ್ಟ ಒಂದು ಬೆಂಚನ್ನು ಆ ಶಾಲೆಯವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.