ಮನೆಯ ಅಳತೆ ಕಾಯ್ದ ತಾಯಿ ಲಕ್ಕಮ್ಮ

ಸದ್ಭಕ್ತರೇ, ಮನೆಯೇ ಮಠವಾಗಬೇಕು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅದು ಹೇಗೆ ಎಂದು ತಿಳಿಯಲು ದೊಡ್ಡ ಶಾಸ್ತ್ರ ಓದಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನವರ ಬಾಳನ್ನು ನೆನೆದರೆ ಸಾಕು.

ಲಕ್ಕಮ್ಮನವರು 12ನೇ ಶತಮಾನದ ಶರಣೆ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಈ ದಂಪತಿಗಳ ಊರು. ಇಬ್ಬರ ವಚನಗಳ ಅಂಕಿತದಲ್ಲೂ ಅಮರೇಶ್ವರಲಿಂಗನ ಹೆಸರಿದೆ. ತಾಯಿಯ ಅಂಕಿತದಲ್ಲಿ ಪತಿ ಮಾರಯ್ಯನವರ ಹೆಸರೂ ಕೂಡಿಕೊಂಡಿದೆ. ಬಸವಣ್ಣನವರ ಕೀರ್ತಿ ಕೇಳಿ ಸತಿಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಅಂಗಳದಲ್ಲಿ, ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಹಸನು ಮಾಡಿ, ಅಡಿಗೆ ಮಾಡಿ, ಜಂಗಮರಿಗೆ ಉಣಬಡಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಆ ಮನೆಯ ನಿತ್ಯ ನೇಮ.

ಇದರಲ್ಲಿ ಏನು ಹಿರಿಮೆ ಎನ್ನಬೇಡಿರಿ. ಆ ಕಾಳುಗಳು ಇಲ್ಲದಿದ್ದರೆ ಕಾಲ್ತುಳಿತಕ್ಕೆ ಸಿಕ್ಕಿ ಹೋಗುತ್ತಿದ್ದವು. ಒಂದು ಕಾಳಿನ ಹಿಂದೆ ಮಳೆಯಿದೆ, ಮಣ್ಣಿದೆ, ಎತ್ತಿನ ದುಡಿಮೆಯಿದೆ, ಒಕ್ಕಲಿಗನ ಬೆವರಿದೆ. ಬಾಗಿ ಅದನ್ನು ಆಯ್ದುಕೊಂಡವರು ಇವರೆಲ್ಲರ ಋಣವನ್ನು ನೆನೆದಂತಾಯಿತು.

ಒಮ್ಮೆ ಮಾರಯ್ಯನವರು ಶರಣರ ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತರು. ಹೊತ್ತು ಏರಿತು, ಕಾಯಕ ನಿಂತಿತು. ಆಗ ಲಕ್ಕಮ್ಮನವರು ಕಾಯಕಕ್ಕೆ ಹೋಗುವಂತೆ ನೆನಪು ಮಾಡಿಕೊಟ್ಟರು. ಶಿವಜ್ಞಾನದ ಮಾತೂ ಮೈಗಳ್ಳತನಕ್ಕೆ ನೆವವಾಗಬಾರದೆಂಬುದು ಆ ತಾಯಿಯ ಎಚ್ಚರ. ಮಾರಯ್ಯನವರು ಮುನಿಯಲಿಲ್ಲ, ಎದ್ದು ಹೊರಟರು.

ಇನ್ನೊಂದು ದಿನ ಬಸವಣ್ಣನವರ ಅಂಗಳದಲ್ಲಿ ಅಕ್ಕಿ ಹೆಚ್ಚಾಗಿ ಚೆಲ್ಲಿತ್ತು. ಮಾರಯ್ಯನವರು ಎಂದಿಗಿಂತ ಹೆಚ್ಚು ಆಯ್ದು ತಂದರು. ಕದ್ದುದಲ್ಲ, ಬೇಡಿದುದಲ್ಲ, ಬಳಸುವುದೂ ದಾಸೋಹಕ್ಕೇ. ಯಾವ ಮನೆಯಲ್ಲಾದರೂ ಇದನ್ನು ಕಂಡು ಸಂತೋಷಪಡುತ್ತಿದ್ದರು. ಆದರೆ ಲಕ್ಕಮ್ಮನವರ ಕಣ್ಣು ಮೊದಲು ಅಳತೆಯ ಮೇಲೆ ಬಿತ್ತು. ಇಂದು ಹೆಚ್ಚೇಕೆ, ಈ ಆಸೆ ಯಾರ ಮನಸ್ಸಿನಲ್ಲಿ ಹುಟ್ಟಿತು ಎಂದು ಪತಿಯನ್ನು ವಿಚಾರಿಸಿದರು. ಅತಿಯಾಸೆ ಶಿವಭಕ್ತರಿಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳಿಸಿದರು. ಆ ಹಿತವಾದ ಅಳತೆಯ ಅಕ್ಕಿಯಿಂದಲೇ ಲೆಕ್ಕವಿಲ್ಲದಷ್ಟು ಜಂಗಮರಿಗೆ ದಾಸೋಹ ನಡೆಸಿದರೆಂದು ಶರಣರ ಚರಿತೆಗಳು ಕೊಂಡಾಡುತ್ತವೆ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ.

ನಾವು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಸೆಯು ಯಾವಾಗಲೂ ಕೆಟ್ಟ ಮುಖ ಹೊತ್ತು ಬರುವುದಿಲ್ಲ. ಮಕ್ಕಳಿಗಾಗಿ, ಮಾನಕ್ಕಾಗಿ, ದೇವರಿಗಾಗಿ ಎಂಬ ಒಳ್ಳೆಯ ಹೆಸರು ಹೇಳಿಕೊಂಡೇ ಮನೆ ಹೊಗುತ್ತದೆ. ಊರವರ ಮುಂದೆ ಸಣ್ಣವರಾಗಬಾರದೆಂದು ಸಾಲ ಮಾಡಿ ಮದುವೆ ಮಾಡಿ, ಹೊಲ ಮಾರಿಕೊಂಡವರನ್ನು ನಾವು ಕಂಡಿದ್ದೇವೆ. ಅದೇ ಮದುವೆಯಲ್ಲಿ ಎಲೆಯ ಮೇಲೆ ಬಿಟ್ಟೇಳುವ ಅನ್ನವನ್ನೂ ಕಂಡಿದ್ದೇವೆ. ಸಾಕು ಎಂದು ಹೇಳುವ ಒಬ್ಬ ತಾಯಿ ಆ ಮನೆಯಲ್ಲಿ ಇರಲಿಲ್ಲವೇ? ಇದ್ದಿರಬೇಕು. ಕೇಳುವ ಮಾರಯ್ಯ ಇರಲಿಲ್ಲ.

ಹಿರಿಯರೇ, ಲಕ್ಕಮ್ಮನವರ ದಾರಿ ನಮ್ಮ ಕೈಗೆ ಎಟುಕದ್ದಲ್ಲ. ಬೆಳಗಾಗೆದ್ದು ಮೈ ತೊಳೆದು ಲಿಂಗಪೂಜೆ ಮಾಡೋಣ. ಮೈ ಬಗ್ಗಿಸಿ ದುಡಿಯೋಣ. ತುತ್ತು ಎತ್ತುವ ಮುನ್ನ ಬೆಳೆದವರನ್ನೂ ಬಡಿಸಿದವರನ್ನೂ ನೆನೆಯೋಣ. ಹಸಿವಿನಷ್ಟೇ ಬಡಿಸಿಕೊಂಡು, ಒಂದು ಅಗುಳೂ ಚೆಲ್ಲದೆ ಉಣ್ಣೋಣ. ಬಾಗಿಲಿಗೆ ಬಂದವರಿಗೆ ಇದ್ದುದರಲ್ಲೇ ಒಂದು ತುತ್ತು ಕೊಡೋಣ. ದೇಹಕ್ಕೂ ಆರೋಗ್ಯ, ಮನಸ್ಸಿಗೂ ನೆಮ್ಮದಿ.

ಇಂದು ಸಂಜೆ ಊಟಕ್ಕೆ ಕುಳಿತಾಗ ಮೊಮ್ಮಕ್ಕಳಿಗೆ ಈ ಕಥೆ ಹೇಳಿರಿ. ಅಡಿಗೆ ಮಾಡಿದ ಸೊಸೆಗೆ, ಮಡದಿಗೆ ಒಂದು ಒಳ್ಳೆಯ ಮಾತನ್ನಾಡಿರಿ. ಅವರು ಸಾಕು ಎಂದಾಗ ಕಿವಿಗೊಡಿರಿ. ಮನೆ ಮಠವಾಗುವುದು ಅಲ್ಲಿಂದಲೇ.