ಮಣ್ಣಿನ ಪದರ ಓದಲು ಕಲಿಸಿದವರು

ಇತಿಹಾಸದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ನನ್ನ ತಮ್ಮನ ಮಗಳು ಈ ಬೇಸಿಗೆಯಲ್ಲಿ ಉತ್ಖನನ ಶಿಬಿರಕ್ಕೆ ಹೊರಟು ನಿಂತಾಗ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಒಂದು ತಿಂಗಳು ಬಿಸಿಲಿನಲ್ಲಿ ಮಣ್ಣು ಕೆರೆಯುವುದರಿಂದ ಆಗುವ ಪ್ರಯೋಜನವೇನು ಎಂಬುದು ಅವಳ ತಂದೆಯ ಪ್ರಶ್ನೆ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನಗೂ ಲಾಭನಷ್ಟದ ಲೆಕ್ಕ ಹೊಸದಲ್ಲ. ಆದರೆ ಆ ಪ್ರಶ್ನೆ ಕೇಳಿದಾಗ ನನ್ನ ನೆನಪಿಗೆ ಬಂದವರು ಮಾರ್ಟಿಮರ್ ವೀಲರ್.

1890ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ವೀಲರ್ ಲಂಡನ್ನಿನಲ್ಲಿ ಓದಿ ಪುರಾತತ್ವಕ್ಕೆ ಬಂದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಅವರೊಡನೆ ಉತ್ಖನನದಲ್ಲಿ ಕೆಲಸ ಕಲಿತಿದ್ದ ತರುಣರಲ್ಲಿ ಹೆಚ್ಚಿನವರು ರಣಭೂಮಿಯಿಂದ ಮರಳಿರಲಿಲ್ಲ. ಹೊಸ ಪೀಳಿಗೆಯೊಂದನ್ನು ತಾವೇ ಬೆಳೆಸಬೇಕೆಂಬ ಹಟ ಅವರಲ್ಲಿ ಬೇರೂರಿದ್ದು ಆಗಲೇ ಇರಬೇಕು. 1934ರಿಂದ 1937ರವರೆಗೆ ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಎಂಬ ಪ್ರಾಚೀನ ಕೋಟೆಯಲ್ಲಿ ಅವರು ನಡೆಸಿದ ಬೇಸಿಗೆ ಉತ್ಖನನಗಳು ವಿದ್ಯಾರ್ಥಿಗಳಿಗೆ ಬಯಲು ಪಾಠಶಾಲೆಗಳಾಗಿದ್ದವು. ಕಲಿಸುವ ಹೊಣೆಯಲ್ಲಿ ಸಮಪಾಲು ಹೊತ್ತಿದ್ದವರು ಪತ್ನಿ ಟೆಸ್ಸಾ. ಇಬ್ಬರೂ ಸೇರಿ ಕನಸು ಕಂಡ ಪುರಾತತ್ವ ಸಂಸ್ಥೆ 1937ರಲ್ಲಿ ಲಂಡನ್ನಿನಲ್ಲಿ ಬಾಗಿಲು ತೆರೆದಾಗ ಅದನ್ನು ನೋಡಲು ಆಕೆ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದ ವೀಲರ್, 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ಇಲ್ಲಿ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ತಕ್ಷಶಿಲೆಯ ತರಬೇತಿ ಶಾಲೆಯೂ ಒಂದು. ವಸ್ತುವಿನ ಕಾಲವನ್ನು ಅದು ಸಿಕ್ಕ ಆಳದಿಂದ ಅಳೆಯುವುದು ಅದುವರೆಗಿನ ರೂಢಿ. ಆದರೆ ಭೂಮಿಯ ಪದರಗಳು ಸಮತಟ್ಟಾಗಿರುವುದಿಲ್ಲ. ಯಾರೋ ಹಗೇವು ತೋಡಿರುತ್ತಾರೆ, ಎಲ್ಲೋ ಗೋಡೆ ಕುಸಿದಿರುತ್ತದೆ. ಒಂದೇ ಆಳದಲ್ಲಿ ಹಲವು ಕಾಲಗಳು ಬೆರೆತಿರುತ್ತವೆ. ಆದ್ದರಿಂದ ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುವೆ ಅಗೆಯದ ಮಣ್ಣಿನ ಗೋಡೆಗಳನ್ನು ಉಳಿಸಿ, ಆ ಗೋಡೆಗಳ ಮೈಯಲ್ಲಿ ಕಾಣುವ ಪದರಗಳನ್ನು ಗುರುತಿಸಿ ನಕ್ಷೆ ಬರೆಯುವುದನ್ನು ಅವರು ಕಲಿಸಿದರು. ಶಿಸ್ತಿನಲ್ಲಿ ಕಠೋರರು, ಮಾತು ಹರಿತ. ಆದರೂ ಅವರ ಕೈಕೆಳಗೆ ಪಳಗಿದ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಮುಂದೆ ಸ್ವತಂತ್ರ ಭಾರತದಲ್ಲಿ ಅದೇ ಇಲಾಖೆಯ ಮಹಾನಿರ್ದೇಶಕರಾದರು.

1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಕೆಂಪು ಮಣ್ಣಿನ ಪಾತ್ರೆಗಳ ಚೂರುಗಳು ದೊರೆತವು. ಅವುಗಳ ಕಾಲ ಖಚಿತವಾಗಿ ತಿಳಿದಿದ್ದರಿಂದ, ಜೊತೆಗೆ ಸಿಕ್ಕ ಸ್ಥಳೀಯ ಮಡಕೆಗಳಿಗೂ ಕ್ರಿಸ್ತಶಕದ ಆರಂಭದ ಕಾಲ ನಿಗದಿಯಾಯಿತು. ಅದೇ ಬಗೆಯ ಮಡಕೆಗಳ ಜಾಡು ಹಿಡಿದು 1947ರಲ್ಲಿ ಅವರು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಬಂದರು. ಅಶೋಕನ ಶಾಸನದಿಂದ ಪ್ರಸಿದ್ಧವಾಗಿದ್ದ, ಮೈಸೂರಿನ ಎಂ.ಎಚ್. ಕೃಷ್ಣ ಅವರು ಮೊದಲೇ ಅಗೆದಿದ್ದ ನೆಲೆ ಅದು. ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದವರು, ಅದಕ್ಕೂ ಮೇಲೆ ಶಾತವಾಹನರ ಕಾಲದ ವಸತಿ: ಈ ಅನುಕ್ರಮ ಅಲ್ಲಿ ಸ್ಪಷ್ಟವಾಯಿತು.

ವೀಲರ್ ತಪ್ಪಿದ್ದೂ ಉಂಟು. ಬ್ರಹ್ಮಗಿರಿಯ ಕಲ್ಲುಕೊಡಲಿ ಸಂಸ್ಕೃತಿ ಕ್ರಿಸ್ತಪೂರ್ವ 1000ದ ಸುಮಾರಿಗೆ ಆರಂಭವಾಯಿತೆಂದು ಅವರು ಅಂದಾಜಿಸಿದ್ದರು. ಮುಂದೆ ಬಂದ ರೇಡಿಯೋ ಕಾರ್ಬನ್ ಪರೀಕ್ಷೆ ದಕ್ಷಿಣದ ನವಶಿಲಾಯುಗವನ್ನು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಒಯ್ದಿತು. ಮೊಹೆಂಜೊದಾರೊದ ಅಸ್ಥಿಪಂಜರಗಳನ್ನು ಕಂಡು ಆರ್ಯರ ದಾಳಿಯ ಕಥೆ ಹೆಣೆದದ್ದನ್ನೂ ವಿದ್ವಾಂಸರು ತಳ್ಳಿಹಾಕಿದ್ದಾರೆ. ಆದರೆ ಬ್ರಹ್ಮಗಿರಿಯ ಪದರಗಳ ಅನುಕ್ರಮ ಇಂದಿಗೂ ನಿಂತಿದೆ. ಗುರುವಿನ ತೀರ್ಮಾನವನ್ನು ಶಿಷ್ಯರು ತಿದ್ದಲು ಸಾಧ್ಯವಾದದ್ದು ಗುರು ಕಲಿಸಿದ ದಾಖಲೆಯ ಶಿಸ್ತಿನಿಂದ.

ಈ ಮಾತಿನ ಬೆಲೆ ನನಗೆ ತಡವಾಗಿ ತಿಳಿಯಿತು. ಕಿರಿಯ ಅಧಿಕಾರಿಯಾಗಿದ್ದಾಗ ಜಮೀನೊಂದರ ಕಡತಕ್ಕೆ, ಸ್ಥಳ ನೋಡದೆ, ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿದ್ದೆ. ತಿಂಗಳುಗಳ ನಂತರ ಅತ್ತ ಹೋದಾಗ ಅಲ್ಲಿದ್ದ ಶಿಲಾ ಸಮಾಧಿಗಳ ಕಲ್ಲುಗಳು ಬದುವಿನ ಕಟ್ಟಡಕ್ಕೆ ಸೇರಿದ್ದವು. ನಕ್ಷೆಯಿಲ್ಲ, ಚಿತ್ರವಿಲ್ಲ, ಅಲ್ಲಿ ಏನಿತ್ತೆಂದು ಹೇಳಲು ಈಗ ಯಾರಿಂದಲೂ ಆಗದು. ಉತ್ಖನನವೂ ಒಂದು ಅರ್ಥದಲ್ಲಿ ನಾಶವೇ. ಅಗೆದ ಪದರವನ್ನು ಮತ್ತೆ ಅಗೆಯಲಾಗದು. ಉಳಿಯುವುದು ಬರೆದಿಟ್ಟದ್ದು ಮಾತ್ರ. ಈ ಎಚ್ಚರವನ್ನು ಪುಸ್ತಕದಿಂದ ಕಲಿಯುವುದು ಕಷ್ಟ.

1948ರಲ್ಲಿ ಭಾರತ ಬಿಟ್ಟ ವೀಲರ್ 1976ರಲ್ಲಿ ನಿಧನರಾದರು. ನಮ್ಮ ಹುಡುಗಿ ಶಿಬಿರದಿಂದ ಮರಳಿದ್ದಾಳೆ. ಅಂಗೈಯಲ್ಲಿ ಬೊಕ್ಕೆ, ಚೀಲದಲ್ಲಿ ಮಣ್ಣು ಮೆತ್ತಿದ ಒಂದು ಟಿಪ್ಪಣಿ ಪುಸ್ತಕ. ತಾನು ಎಳೆದ ಒಂದು ಗೆರೆ ತಪ್ಪಾಗಿತ್ತೆಂದೂ, ಅದನ್ನು ಅಳಿಸದೆ ಪಕ್ಕದಲ್ಲಿ ದಿನಾಂಕ ಹಾಕಿ ಸರಿಪಡಿಸಿದೆನೆಂದೂ ಅವಳು ತಂದೆಗೆ ತೋರಿಸುತ್ತಿದ್ದಳು. ಅವನು ಕನ್ನಡಕ ತರಿಸಿಕೊಂಡು ನೋಡುತ್ತಿದ್ದ.